ರಾಣಿ ಸಿಮಾರಿಯ ಮೂರು ಕೈಸನ್ನೆ

"ಕೇಳ್ರಪ್ಪೋ ಕೇಳಿ! ಅಳಿವೆಕೋಟೆಯ ದೊರೆ ವೀರಮಾರರ ಅಪ್ಪಣೆ! ರಾಜಕುಮಾರಿ ಪದುಮಲೆ ಮೂರು ಕೈಸನ್ನೆ ಮಾಡುತ್ತಾರೆ. ಅರ್ಥ ಬಿಡಿಸಿದವನಿಗೆ ರಾಜಕುಮಾರಿಯೂ ಅರ್ಧ ರಾಜ್ಯವೂ. ತಪ್ಪು ಹೇಳಿದವನಿಗೆ ಬರುವ ಅಮಾವಾಸ್ಯೆಗೆ ತಲೆದಂಡ!"

ಡಂಗುರದವನು ಹೀಗೆ ಸಾರಿಕೊಂಡು ಹೋದದ್ದು ಒಂದು ಮಂಜಿನ ಬೆಳಗ್ಗೆ. ಹೊಳೆ ಎಲ್ಲಿ ಮುಗಿಯಿತು, ಸಮುದ್ರ ಎಲ್ಲಿ ಶುರುವಾಯಿತು ಅಂತ ಗೊತ್ತಾಗದ ಊರು ಅದು. ಬೀದಿಯಲ್ಲಿ ನಡೆಯುವವರೂ ತೇಲುತ್ತಿರುವಂತೆ ಕಾಣುತ್ತಿದ್ದರು.

ಸನ್ನೆ ಯಾರದು ಅಂತೀರಾ? ರಾಜಕುಮಾರಿಯ ತಾಯಿಯದು. ರಾಣಿ ಸಿಮಾರಿ ಮುತ್ತುದ್ವೀಪದಿಂದ ಬಂದವಳು. ಒಂದು ದಿನ ತುಂಬಿದ ಸಭೆಯಲ್ಲಿ ಅವಳು ದೊರೆಯತ್ತ ಕೈ ಬೀಸಿ, ಸನ್ನೆಯಲ್ಲೇ 'ತೊಲಗು' ಅಂದಳಂತೆ. ದೊರೆಗೆ ಮೂಗಿನ ತುದಿಯಲ್ಲೇ ಕೋಪ. ಏನಮ್ಮಾ ಹಾಗಂದರೆ ಅಂತ ಒಂದು ಮಾತು ಕೇಳಬಾರದಿತ್ತೇ, ಪುಣ್ಯಾತ್ಮ? ಕೇಳಲಿಲ್ಲ. ಅಂದೇ ಹಡಗು ಹತ್ತಿಸಿ ದ್ವೀಪಕ್ಕೆ ಅಟ್ಟಿಬಿಟ್ಟ. ಅರಮನೆಯವರು ಯಾರೂ ಅತ್ತ ಕಾಲಿಡಕೂಡದು ಅಂತ ಕಟ್ಟಪ್ಪಣೆ ಬೇರೆ.

ಏಳು ವರ್ಷದ ಪದುಮಲೆ ದಡದಲ್ಲಿ ನಿಂತಿದ್ದಳು. ಹಡಗಿನಿಂದ ತಾಯಿ ಅವಳತ್ತ ಮೂರು ಸನ್ನೆ ಮಾಡಿದಳು; ಅಲೆಯ ಸದ್ದಿಗೆ ಮಾತು ಕೇಳಿಸಲಿಲ್ಲ. ಕೈ ಕಂಡಿತು, ಮುಖ ಕಂಡಿತು. ಅಮ್ಮ ನನ್ನನ್ನು ಕರೆದಳೋ, ದೂಡಿದಳೋ? ಹನ್ನೆರಡು ವರ್ಷದಿಂದ ಆ ಹುಡುಗಿಗೆ ಇದೇ ಸಂಕಟ. ಮದುವೆಯ ಮಾತೆತ್ತಿದಾಗ, "ಇದನ್ನು ಬಿಡಿಸುವವನೇ ನನ್ನ ಗಂಡ" ಅಂದುಬಿಟ್ಟಳು. ತಲೆದಂಡ ಸೇರಿಸಿದ್ದು ಅಪ್ಪನ ಸಿಟ್ಟು.

ಮೊದಲು ಬಂದವನು ಬಯಲುಸೀಮೆಯ ರಾಜಕುಮಾರ ಬಿಜ್ಜರಸ.

ಪದುಮಲೆ ಕೈ ಎತ್ತಿದಳು. "ಅಂಗೈ ಕೆಳಗೆ, ನಾಲ್ಕು ಬೆರಳೂ ಪಟಪಟ ಬೀಸುತ್ತವೆ. ಈ ಕೈ ಏನನ್ನುತ್ತದೆ?"

"ಕೋಳಿ ಓಡಿಸಿದ ಹಾಗಿದೆ. ಹೋಗು ಅಂತ."

"ಐದು ಬೆರಳೂ ಅಗಲಿಸಿ ಅಂಗೈ ತೋರಿಸುತ್ತದೆ. ಈ ಕೈ ಏನನ್ನುತ್ತದೆ?"

"ನಿಲ್ಲು, ಹಿಂದೆ ಬರಬೇಡ ಅಂತ."

"ಎರಡು ಕೈಯೂ ಗಾಳಿಯನ್ನು ಸವರಿ, ತಲೆಯ ಪಕ್ಕಕ್ಕೆ ಒತ್ತಿ, ಲಟಲಟ ನೆಟಿಗೆ ಮುರಿಯುತ್ತವೆ. ಇವು ಏನನ್ನುತ್ತವೆ?"

"ನೆಟಿಗೆ ಮುರಿದು ಶಾಪ ಹಾಕಿದ್ದು. ಇನ್ನೇನು?"

ಪದುಮಲೆ ತಲೆಯಾಡಿಸಿದಳು. "ಅಮ್ಮ ಅಳುತ್ತಾ ನಗುತ್ತಿದ್ದಳು. ಶಾಪ ಹಾಕುವವರ ಮುಖ ಹಾಗಿರುವುದಿಲ್ಲ." ಬಿಜ್ಜರಸನನ್ನು ಸೆರೆಮನೆಗೆ ಎಳೆದೊಯ್ದರು.

ಮಾರನೆಯ ದಿನ ದ್ವೀಪದವನೇ ಬಂದ, ಹವಳದ ವ್ಯಾಪಾರಿಯ ಮಗ ಕಾರು. ಮೊದಲೆರಡು ಸನ್ನೆಗೆ ಅವನು ಮುಗುಳ್ನಕ್ಕು, "ಇವು ನಮ್ಮವೇ. ಒಂದು 'ಬಾ' ಅಂತ, ಇನ್ನೊಂದು 'ಅಂಗೈಯಲ್ಲಿ ಏನೂ ಬಚ್ಚಿಟ್ಟಿಲ್ಲ, ಮನಸ್ಸಿನಲ್ಲಿ ಕಪಟವಿಲ್ಲ' ಅಂತ" ಅಂದ. ಪದುಮಲೆ ಮುಂದಕ್ಕೆ ಬಾಗಿದಳು. ಮೂರನೆಯದಕ್ಕೆ ಕಾರು ತಡವರಿಸಿದ. "ಏನೋ ಮುರಿಯಿತು... ಸಂಬಂಧ ಮುರಿಯಿತು ಅಂತಿರಬೇಕು."

"ಬಾ ಅಂತ ಕರೆದು ಸಂಬಂಧ ಮುರಿಯುತ್ತಾರೆಯೇ?" ಪದುಮಲೆಗೆ ಅಳು ಬಂತು. ಕಾರುವನ್ನೂ ಎಳೆದೊಯ್ದರು. 'ಮೊದಲೆರಡೂ ಇವನ ಸುಳ್ಳೇ' ಅಂದುಕೊಂಡ ದೊರೆ.

ಇಬ್ಬರನ್ನೂ ಅಳಿವೆ ದಾಟಿಸಿದ್ದು ಅಂಬಿಗರ ಹೊನ್ನಯ್ಯ. ಸುದ್ದಿ ಅವನ ಕಿವಿಗೂ ಬಿತ್ತು. ನನ್ನ ದೋಣಿಯಲ್ಲಿ ಬಂದವರು ತಲೆ ಕಳೆದುಕೊಳ್ಳುವುದೇ? ಹುಟ್ಟು ಕೆಳಗಿಟ್ಟು, ಒದ್ದೆ ಪಂಚೆಯಲ್ಲೇ ಸಭೆಗೆ ನಡೆದ.

"ಏನಯ್ಯಾ, ತಲೆ ಭಾರವಾಗಿದೆಯೇ ನಿನಗೆ?" ಅಂದ ದೊರೆ.

"ಇಲ್ಲ ಬುದ್ಧಿ. ಆಚೆ ದಡದವರ ಕೂಗು ಕೇಳದು, ಕೈ ನೋಡಿಯೇ ನಾನು ದೋಣಿ ಬಿಡಬೇಕು. ಮೊದಮೊದಲು ದ್ವೀಪದ ಹೆಂಗಸರು ಕೈ ಬೀಸಿದರೆ, ಓಡಿಸುತ್ತಿದ್ದಾರೆ ಅಂತ ದೋಣಿ ತಿರುಗಿಸಿಬಿಡುತ್ತಿದ್ದೆ. ಆಮೇಲೆ ಅವರೇ ಈಚೆಗೆ ಬಂದು, 'ಬಾ ಅಂದರೆ ಓಡಿಹೋಗ್ತೀಯಲ್ಲೋ' ಅಂತ ಉಗಿದರು. ಅಂದಿನಿಂದ ದಡದಲ್ಲಿ ನಿಂತವರು ಯಾರು ಅಂತ ಮೊದಲು ನೋಡುತ್ತೇನೆ, ಕೈ ಆಮೇಲೆ. ಆ ಮೊದಲ ಸನ್ನೆ 'ಬಾ' ಅಂತಲೇ, ಬುದ್ಧಿ. ಎರಡನೆಯದನ್ನೂ ಕಾರು ಸರಿಯಾಗಿಯೇ ಹೇಳಿದ."

ದೊರೆ ಎದ್ದು ನಿಂತ. "ಹಾಗಾದರೆ ಅಂದು ಸಭೆಯಲ್ಲಿ..."

"ಪಕ್ಕಕ್ಕೆ ಬಾ ಅಂತ ಕರೆದಿದ್ದಾರೆ, ಬುದ್ಧಿ."

ದೊರೆಯ ಮುಖ ಬಿಳಿಚಿಕೊಂಡಿತು.

"ಮೂರನೆಯದು?" ಅಂದಳು ಪದುಮಲೆ.

"ಅದು ಮಾಡುವಾಗ ಯಾರನ್ನು ನೋಡುತ್ತಿದ್ದರು, ಅಮ್ಮಣ್ಣಿ?"

"ನನ್ನನ್ನೇ."

"ಹಾಗಾದರೆ ಅದು ದ್ವೀಪದ ಸನ್ನೆಯಲ್ಲ, ನಮ್ಮೂರ ಅವ್ವಂದಿರದು. ಸಿಟ್ಟಿಗೂ ನೆಟಿಗೆ ಮುರಿಯುತ್ತಾರೆ, ಮುದ್ದಿಗೂ ಮುರಿಯುತ್ತಾರೆ. ಮಗುವಿನ ಮುಖ ಸವರಿ ಮುರಿದರೆ ದೃಷ್ಟಿ ತೆಗೆದ ಹಾಗೆ. ಅವರು ಸವರಿದ್ದು ಗಾಳಿಯನ್ನಲ್ಲ, ನಿಮ್ಮ ಮುಖವನ್ನು. ಎಟುಕಲಿಲ್ಲ, ಅಷ್ಟೆ. ಅವಸರದಲ್ಲಿ ಮೊದಲು ತಮ್ಮೂರ ಕೈ ಬಂತು. ನಿಮಗೆ ತಿಳಿಯಲಿಲ್ಲ ಅಂತ ಗೊತ್ತಾದಾಗ ನಿಮ್ಮೂರ ಕೈಯಲ್ಲೇ ಹೇಳಿದರು."

"ಅಮ್ಮಾ!" ಅಂತ ಪದುಮಲೆ ಚೀರಿ ಅತ್ತಳು. ಹನ್ನೆರಡು ವರ್ಷದ ಅಳು ಅದು. ಮಂಜು ಕಿಟಕಿಯಿಂದ ಒಳಗೆ ಬಂದು ಕಂಬಗಳ ನಡುವೆ ಸುಳಿದಾಡಿತು, ಯಾರಿಗೂ ಏಳಲು ಮನಸ್ಸಾಗಲಿಲ್ಲ.

ಹೊನ್ನಯ್ಯ ಮೊದಲು ಬೇಡಿದ್ದು ಸೆರೆಯಾಳುಗಳ ತಲೆ ಉಳಿಸಿ ಅಂತ. ಬಿಟ್ಟರು. ಮದುವೆ? "ಮೊದಲು ಅಮ್ಮ, ಆಮೇಲೆ ಧಾರೆ" ಅಂದಳು ಪದುಮಲೆ. ಅವಳು, ದೊರೆ, ಹೊನ್ನಯ್ಯ ಒಂದೇ ದೋಣಿಯಲ್ಲಿ ಹೊರಟರು.

ದ್ವೀಪದ ದಡದಲ್ಲಿ ನರೆಗೂದಲಿನ ಹೆಂಗಸೊಬ್ಬಳು ನಿಂತಿದ್ದಳು. ಅಂಗೈ ಕೆಳಗೆ ಮಾಡಿ ಪಟಪಟ ಕೈ ಬೀಸಿದಳು. ಪದುಮಲೆ ಮೊಣಕಾಲುದ್ದದ ನೀರಿಗೆ ಹಾರಿ ಓಡಿದಳು. ಸಿಮಾರಿ ಈ ಸಲ ಮಗಳ ಮುಖವನ್ನೇ ಸವರಿ ನೆಟಿಗೆ ಮುರಿದಳು.

ಆಮೇಲೆ ದೋಣಿಯತ್ತ ನೋಡಿ ಮತ್ತೆ ಅದೇ ರೀತಿ ಕೈ ಬೀಸಿದಳು. ಅವಳಿಗೋ ಎರಡೂ ಊರಿನ ಸನ್ನೆ ಗೊತ್ತು. ದೊರೆ ದೋಣಿಯ ಅಂಚು ಹಿಡಿದು ಕುಳಿತೇ ಇದ್ದ.

"ಹೊನ್ನಯ್ಯಾ, ನನಗೆ ಬಾ ಅಂತಲೋ, ಹೋಗು ಅಂತಲೋ?"

"ನನಗೇನು ಗೊತ್ತು, ಬುದ್ಧಿ? ಇಳಿದು ಹೋಗಿ ನೀವೇ ಕೇಳಿ."

ದೊರೆ ಚಪ್ಪಲಿ ಬಿಚ್ಚಿಟ್ಟು ನೀರಿಗಿಳಿದ.