ಗಾಜಿನೊಳಗಿನ ನೀರು

ನದಿ ದಂಡೆಯ ಹಳೆಯ ಶೆಡ್ಡಿನಲ್ಲಿ ಒಂದು ಉಗಿ ಇಂಜಿನ್ ಇತ್ತು. ಅದನ್ನು ನೋಡಿಕೊಳ್ಳಲು ದಸ್ತಗೀರ ಸಾಹೇಬರೆಂಬ ಮುದಿ ಡ್ರೈವರ್ ಇದ್ದರು. ಇಂಜಿನ್ನಿನ ಹುಚ್ಚು ಹಿಡಿದು, ರಜೆ ಸಿಕ್ಕಾಗಲೆಲ್ಲ ಅವರ ಬಳಿ ಕಲಿಯಲು ಬರುತ್ತಿದ್ದವನು ಜಯತೀರ್ಥ, ನಲವತ್ತು ದಾಟಿದ ಗಣಿತದ ಮೇಷ್ಟ್ರು.

ಮೂರು ವರ್ಷ ಅವನು ಬೂದಿ ಬಾಚಿದ, ಪಿತ್ತಳೆ ತಿಕ್ಕಿದ. ಸೀಟಿಯ ಸರಪಳಿ ಮಾತ್ರ ಅವನ ಕೈಗೆ ಬರಲಿಲ್ಲ.

"ಯಾವಾಗ ಕೊಡ್ತೀರಿ, ಉಸ್ತಾದ್ರ?"

"ಮೊದಲ ನೀರು ನೋಡೂದು ಕಲೀರಿ, ಮಾಸ್ತರ್ರ. ಸೀಟಿ ಎಲ್ಲೂ ಓಡಿ ಹೋಗೂದಿಲ್ಲ."

ಆ ಭಾನುವಾರ ಹಳೆಯ ರೈಲಿನಲ್ಲಿ ಒಂದು ಸುತ್ತು ಹೋಗಿಬರಲು ಮುನ್ನೂರು ಜನ ಬಂದಿದ್ದರು. ಬೆಂಕಿ ಹಾಕುವ ಕೆಲಸ ಮೊದಲ ಸಲ ಜಯತೀರ್ಥನ ಪಾಲಿಗೆ ಬಂದಿತ್ತು.

ಸಾಹೇಬರು ಬಂದಾಗ ಇಂಜಿನ್ನು ಮದುಮಗಳ ಹಾಗೆ ಹೊಳೆಯುತ್ತಿತ್ತು. ಅವರು ಹೊಳಪು ನೋಡಲಿಲ್ಲ.

"ನೀರು ಎಷ್ಟೈತಿ?"

ಬಾಯ್ಲರಿನ ನೀರು ತೋರಿಸಲು ಎರಡು ಗಾಜಿನ ನಳಿಗೆಗಳಿದ್ದವು. ಜಯತೀರ್ಥ ಅವನ್ನು ನೋಡಿ ಹೇಳಿದ. "ಅರ್ಧಕ್ಕಿಂತ ಮ್ಯಾಲ ಅದ."

"ಗಾಜು ಹೊಸಾವೇನು?"

"ಹೌದ್ರಿ. ಹಳೇವು ಮಬ್ಬಾಗಿದ್ವು. ಜನ ಫೋಟೊ ತೆಗೀತಾರಲ್ಲ, ನಿನ್ನೆ ನಾನೇ ಕೊಯ್ದು ಕೂಡಿಸಿದೆ."

ಸಾಹೇಬರು ಗಾಜಿಗೆ ಮುಖ ಹತ್ತಿರ ತಂದರು. "ಕೆಳಗ ಬೆಂಕಿ ಉರಿಯಾಕತ್ತೈತಿ. ಈ ನೀರು ಯಾಕ ಅಳ್ಳಾಡವಲ್ದು?"

ಜಯತೀರ್ಥನೂ ಬಗ್ಗಿ ನೋಡಿದ.

"ಗಾಜಿನ ಕೆಳಗಿನ ನಲ್ಲಿ ಬಿಟ್ಟು ನೋಡಿದಿರೇನು?"

ಬೆಂಕಿ ಹಾಕುವ ಮುನ್ನ ಅದನ್ನು ಬಿಟ್ಟು ನೋಡಲೇಬೇಕು. ಆದರೆ ಕೊಳೆನೀರು ಸಿಡಿದು ತಿಕ್ಕಿದ ಪಿತ್ತಳೆ ಕಲೆಯಾದೀತೆಂದು ಅವನು ಬಿಟ್ಟಿರಲಿಲ್ಲ. ಮದುವೆ ಗಡಿಬಿಡಿಯಲ್ಲಿ ತಾಳಿ ಕಟ್ಟುವುದನ್ನೇ ಮರೆತರಂತೆ, ಹಾಗಾಗಿತ್ತು.

ಸಾಹೇಬರು ನಲ್ಲಿ ತಿರುಗಿಸಿದರು. ಬುಸ್ಸೆಂದು ಉಗಿ ಬಂತು. ನೀರು ಒಂದು ಹನಿಯೂ ಬರಲಿಲ್ಲ. ಗಾಜಿನೊಳಗಿನ ನೀರು ಇದ್ದಲ್ಲೇ ಇತ್ತು. ಎರಡನೆಯದೂ ಹಾಗೇ. ಅವನು ಕೊಯ್ದ ಗಾಜು ಗಿಡ್ಡವಾಗಿ, ಕೆಳಗಿನ ರಬ್ಬರು ಅದರ ಬಾಯಿ ಮುಚ್ಚಿತ್ತು; ಕಾಣುತ್ತಿದ್ದದ್ದು ಗಾಜಿನಲ್ಲಿ ಸಿಕ್ಕಿಕೊಂಡ ನೀರು, ಬಾಯ್ಲರಿನ ನೀರು ಆಗಲೇ ಕೆಳಗಿಳಿದಿತ್ತು.

ಜಯತೀರ್ಥ ಗಾಬರಿಯಿಂದ ಬಾಯ್ಲರಿಗೆ ನೀರು ಬಿಡುವ ತಿರುಗಣೆಗೆ ಕೈ ಹಾಕಿದ. ಸಾಹೇಬರು ಸಲಿಕೆಯ ಹಿಡಿಯಿಂದ ಆ ಕೈಗೆ ಹೊಡೆದರು.

"ಕಾದ ಹಂಚಿನ ಮ್ಯಾಲ ತಣ್ಣೀರು ಹಾಕ್ತೀರೇನು? ಬಾಯ್ಲರ್ ಸಿಡಿತೈತಿ! ಬೆಂಕಿ ಕೆಡವ್ರಿ!"

ಇಬ್ಬರೂ ಕೊಕ್ಕೆ ಹಿಡಿದು ಕೆಂಡವನ್ನೆಲ್ಲ ಹಳಿಗಳ ನಡುವೆ ಎಳೆದು ಹಾಕಿದರು. ಅಷ್ಟು ಹೊತ್ತೂ ಬಾಯ್ಲರು ಒಳಗೊಳಗೇ ಟಕಟಕ ಸದ್ದು ಮಾಡುತ್ತಿತ್ತು. ಅದು ನಿಂತ ಮೇಲೆ ಜಯತೀರ್ಥ ಕೊಕ್ಕೆ ಕೆಳಗಿಟ್ಟ.

"ಬೆಂಕಿ ಹಾಕೂ ನನ್ನ ಫೈರ್‌ಮನ್ ಏಸುಪಾದನೂ ಗಾಜನ್ನ ನಂಬಿದ್ದ," ಎಂದರು ಸಾಹೇಬರು. "ಅವನ್ನ ಮನಿಗೆ ಒಯ್ಯಾಕ ಒಂದು ಗೋಣಿಚೀಲ ಸಾಕಾತು. ಚೀಲ ಬಿಚ್ಚಬ್ಯಾಡ ಅಂತ ಅವನ ಹೇಣ್ತಿಗೆ ನಾನೇ ಹೇಳಬೇಕಾತು."

ಹೊರಗೆ ಜನ ಕಾದಿದ್ದ ಪ್ಲಾಟ್‌ಫಾರ್ಮಿನಿಂದ ಕೇಕೆ, ಚಪ್ಪಾಳೆ ಕೇಳಿಸಿತು. ಮಕ್ಕಳು ಸೀಟಿ, ಸೀಟಿ ಎಂದು ಕೂಗುತ್ತಿದ್ದರು.

ಸಾಹೇಬರು ಸರಪಳಿ ಹಿಡಿದು ಅವನ ಮುಂದೆ ಚಾಚಿದರು. "ಇನ್ನೂ ಒಂದೀಟು ಉಗಿ ಐತಿ. ಬೇಕೇನು?"

ಅವನ ಕೈ ಮೇಲೇಳಲಿಲ್ಲ. ನಾಚಿಕೆಯಿಂದ ಮುಖವೂ ಏಳಲಿಲ್ಲ.

"ಅವರಿಗೆ ಏನಂತ ಹೇಳ್ಲಿ, ಉಸ್ತಾದ್ರ?"

"ಎಲ್ಲಾರೂ ಮನಿಗೆ ಹೋಗ್ರಿ ಅಂತ ಹೇಳ್ರಿ. ಆಮ್ಯಾಲ ಬಾಗಿಲದಾಗ ನಿಂತು, ಒಬ್ಬೊಬ್ಬರೂ ನಡಕೋಂತ ಹೋಗೂದನ್ನ ನೋಡ್ರಿ."