ಮೂರೇ ಮಾತು

ಹೊಳೆಯಂಚಿನ ಆಶ್ರಮದಲ್ಲಿ ಪೂಜೆಯಲ್ಲಿ ಪ್ರಸಾದವಾಗಿ ಕೊಡುವ ತೆಳು ರೊಟ್ಟಿ, ಓಸ್ತಿ, ಸುಡುವ ಕೆಲಸ ಸೆವ್ರಿನಾಳದ್ದು. ಉಪ್ಪಿಲ್ಲದ ಹಿಟ್ಟು ಕಲಸಿ, ಕಾದ ಅಚ್ಚಿನಲ್ಲಿ ಒತ್ತಿ, ಬಿಲ್ಲೆ ಕತ್ತರಿಸಬೇಕು. ಉಳಿದ ಅಂಚಿನ ಚೂರುಗಳನ್ನು ಅವಳು ಚಹಾದ ಜೊತೆ ತಿನ್ನುತ್ತಿದ್ದಳು.

ಬೇರೆ ಪಂಗಡದ ಹೊಸ ಕ್ರೈಸ್ತ ಸಭೆ ಸೇರಿದ್ದ ಅವಳ ಅಣ್ಣ ಬಂದು ನಕ್ಕು ಹೋಗಿದ್ದ.

"ಬೆಳಿಗ್ಗೆ ನೀನೇ ಸುಡ್ತೀಯ, ಆಮೇಲೆ ನೀನೇ ಅಡ್ಡ ಬೀಳ್ತೀಯ. ಅದು ಯೇಸುವಿನ ಶರೀರ ಅಲ್ಲ, ಬರೀ ಗುರುತು ಕಣೇ!"

ಅಂದಿನಿಂದ ಗುರುಗಳು 'ಕ್ರಿಸ್ತನ ಶರೀರ' ಎಂದು ಆ ಓಸ್ತಿಯನ್ನು ಪರಮಪ್ರಸಾದವಾಗಿ ಕೊಡುವಾಗ, ಹೌದೆಂದು ಒಪ್ಪುವ 'ಆಮೆನ್' ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಭಾನುವಾರ ಅವಳ ವ್ರತ ಸ್ವೀಕಾರ. ಆಮೆನ್ ಎನ್ನಲಾಗದವಳು ಯಾವ ಮುಖ ಹೊತ್ತು ಸನ್ಯಾಸಿನಿಯಾಗುವುದು?

ಮದರ್ ಪೆತ್ರೊನಿಲ್ಲಾ ಹೊಳೆಯ ಮೆಟ್ಟಿಲ ಮೇಲೆ ಬಸಳೆ ಸೋಸುತ್ತಿದ್ದರು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಸೆವ್ರಿನಾಳನ್ನು ಸಾಕಿದವರು ಅವರೇ. ಅವಳು ಪಕ್ಕದಲ್ಲಿ ಕೂತು ತಾನೂ ಸೊಪ್ಪು ಸೋಸುತ್ತಾ ಅಣ್ಣನ ಮಾತು ಹೇಳಿ, ರೊಟ್ಟಿ ಶರೀರವಾಗುವುದು ಹೇಗೆ ಎಂದಳು.

"ಯೇಸು ಸ್ವಾಮಿ ರೊಟ್ಟಿ ಹಿಡಿದು ಅಂದದ್ದೇನು?" ಎಂದು ಕೇಳಿದರು.

"ಇದು ನನ್ನ ಶರೀರ."

"ಅದರಲ್ಲಿ 'ಗುರುತು' ಎಲ್ಲಿದೆ?"

"ಇಲ್ಲ!" ಸೆವ್ರಿನಾಳಿಗೆ ಜೀವ ಬಂತು.

"'ರೊಟ್ಟಿ ಹೋಗಿ ಶರೀರ ಆಯ್ತು' ಅಂತ ಎಲ್ಲಿದೆ?"

"ಅದೂ... ಇಲ್ಲ."

"ಅಂದದ್ದು ಮೂರೇ ಮಾತು."

"ಹಾಗಾದ್ರೆ ಅಣ್ಣ ಸರಿಯೋ, ನಾವು ಸರಿಯೋ?"

"ದಂಟು ಆ ಕಡೆ ಹಾಕು. ಎಲೆಯಲ್ಲಿ ಸೇರಿಸ್ತಿದ್ದೀಯ."

ಕೇಳಿದ್ದಕ್ಕಿಂತ ಕೇಳದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಅಷ್ಟರಲ್ಲಿ ಅಕ್ಕಿ ಮೂಟೆ ತಂದ ಹೊಸ ದೋಣಿಯವನು ದಡಕ್ಕೆ ಬಂದ.

"ಇವರು ಯಾರಮ್ಮಾ?"

"ಇವಳು ನನ್ನ ಮಗಳು," ಅಂದರು ಮದರ್.

ಅವನು ಅವರ ಬಿಳಿ ಉಡುಪು ನೋಡಿದ, ಕೊರಳ ಶಿಲುಬೆ ನೋಡಿದ. ತಲೆ ಕೆರೆದುಕೊಂಡ.

"ಹೆತ್ತ ಮಗಳಾ? ಇಲ್ಲ, ಮಗಳ ಹಾಗಾ?"

ಮದರ್ ಸೆವ್ರಿನಾಳ ಕಡೆ ತಿರುಗಿದರು. "ಕೇಳ್ತಿದ್ದಾನಲ್ಲ, ಹೇಳು."

ಹೆತ್ತ ಮಗಳು ಅಂದರೆ ಸುಳ್ಳು. 'ಮಗಳ ಹಾಗೆ' ಅನ್ನಲು ಬಾಯಿ ತೆರೆದಳು. ಅದು ಇನ್ನೂ ದೊಡ್ಡ ಸುಳ್ಳು ಅನ್ನಿಸಿ ಕಣ್ಣು ತುಂಬಿತು.

"ಮಗಳು," ಅಂದಳು.

ದೋಣಿಯವನು ಮೂಟೆ ಇಳಿಸಿ, ತನಗೇನೂ ತಿಳಿಯಲಿಲ್ಲವೆಂಬಂತೆ ಹುಟ್ಟು ಹಾಕಿಕೊಂಡು ಹೋದ.

ಸೆವ್ರಿನಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗೂ ತಿಳೀಲಿಲ್ಲ ಮದರ್. ರೊಟ್ಟಿ ಹೇಗೆ ಶರೀರ ಆಗುತ್ತೆ, ಅದನ್ನ ಹೇಳಿ ಅಂದೆ."

ಮದರ್ ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಹತ್ತಿದರು.

"ನೀನು ನನ್ನ ಮಗಳಾದದ್ದು ಹೇಗೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಊಟಕ್ಕೆ ಬಾ."