ಹಿಪ್ಪೆ ಹೂವಿನ ತೀರ್ಥ

ಹಿಪ್ಪೆ ಮರಗಳೇ ತುಂಬಿದ್ದ ಒಂದು ಕಾಡಿನಲ್ಲಿ ಜಡೆಯಪ್ಪ ಎಂಬ ಮುದಿ ಕರಡಿ ಇದ್ದ. ಕಾಡಿನ ನಡುವೆ ಒಂದು ಕೊಳ. ಕೊಳದ ದಡದಲ್ಲಿ ಒಂದು ನುಣುಪಾದ ಕರಿಕಲ್ಲು. ಆ ಕಲ್ಲನ್ನು ಪ್ರಾಣಿಗಳೆಲ್ಲ ಬನದವ್ವ ಎಂದು ಕರೆಯುತ್ತಿದ್ದವು. ಬನದವ್ವನ ಪೂಜಾರಿ ಜಡೆಯಪ್ಪ.

ಪೂಜೆ ಎಂದರೆ ಬರೀ ಹೂ ಏರಿಸುವುದಲ್ಲ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ದಡದ ಬಂಡೆ ಹತ್ತಬೇಕು. ನಾಲ್ಕು ದಿಕ್ಕಿಗೂ ಮೂಗೊಡ್ಡಿ ಗಾಳಿ ಎಳೆದು ನೋಡಬೇಕು. ಚಿರತೆಯ ವಾಸನೆ ಎಲ್ಲೂ ಇಲ್ಲವೆಂದು ಖಾತ್ರಿಯಾದ ಮೇಲೆ, ಪಕ್ಕದಲ್ಲಿದ್ದ ಟೊಳ್ಳು ಮರಕ್ಕೆ ಮೂರು ಸಲ ಬಡಿದು, "ಅವ್ವ ಕರೀತಾಳೆ, ಬನ್ನಿ" ಎಂದು ಕೂಗಬೇಕು. ಆ ಕಾಡಿನಲ್ಲಿ ಜಡೆಯಪ್ಪನ ಮೂಗಿಗೆ ಸಮನಾದ ಮೂಗು ಇನ್ನೊಂದಿರಲಿಲ್ಲ. ಅವನ ಕೂಗು ಕೇಳಿದರೆ ಸಾಕು, ಜಿಂಕೆ, ಮೊಲ, ಕಾಡುಹಂದಿ, ಎಲ್ಲ ನಿಶ್ಚಿಂತೆಯಿಂದ ಬಂದು ನೀರು ಕುಡಿಯುತ್ತಿದ್ದವು. ಹೋಗುವಾಗ ಹಣ್ಣೋ ಗೆಡ್ಡೆಯೋ ಕಲ್ಲಿನ ಮುಂದೆ ಇಟ್ಟು ಹೋಗುತ್ತಿದ್ದವು.

ಹದಿನಾಲ್ಕು ಬೇಸಿಗೆ ಜಡೆಯಪ್ಪ ಒಂದು ದಿನವೂ ತಪ್ಪಿಸದೆ ಬಂಡೆ ಹತ್ತಿದ. ಹದಿನೈದನೆಯ ಬೇಸಿಗೆ ಬರುವ ಹೊತ್ತಿಗೆ ಅವನಿಗೆ ಸಾಕಾಗಿ ಹೋಗಿತ್ತು. ಮಂಡಿ ಹಿಡಿದುಕೊಳ್ಳುತ್ತಿತ್ತು. ಹೆಂಡತಿ ಸತ್ತು ಎರಡು ಮಳೆಗಾಲ ಕಳೆದಿದ್ದವು. ಗುಹೆಗೆ ಹಿಂದಿರುಗಿದರೆ ಮಾತಾಡಿಸುವವರು ಯಾರೂ ಇಲ್ಲ. ಕೊಳಕ್ಕೆ ಬಂದವರು ನೀರು ಕುಡಿದು, ಅವ್ವನಿಗೆ ಕೈ ಮುಗಿದು ಹೊರಟುಬಿಡುತ್ತಿದ್ದರು. ನಿನ್ನ ಕಾಲು ಹೇಗಿದೆ ಎಂದು ಕೇಳಿದವರಿಲ್ಲ. ಅವರ ತಪ್ಪೂ ಅಲ್ಲ. ದಿನಾ ನಡೆಯುವುದನ್ನು ಯಾರು ತಾನೇ ವಿಚಾರಿಸುತ್ತಾರೆ?

ಆ ವರ್ಷ ಹಿಪ್ಪೆ ಹೂ ಬಿಟ್ಟಿದ್ದೇ ಬಿಟ್ಟಿದ್ದು. ಬಂಡೆಯ ಹಿಂದಿನ ಒಂದು ಕಲ್ಲುಗುಳಿಯಲ್ಲಿ ನೀರು ನಿಂತಿತ್ತು. ಉದುರಿದ ಹೂವೆಲ್ಲ ಅದರಲ್ಲಿ ಬಿದ್ದು, ಬಿಸಿಲಿಗೆ ಕೊಳೆತು, ನೊರೆಯೆದ್ದು ಹುಳಿಯಾಗಿತ್ತು. ಒಂದು ಸಂಜೆ ಬಾಯಾರಿ ಬಂದ ಜಡೆಯಪ್ಪ ಅದಕ್ಕೇ ಬಾಯಿಟ್ಟ. ಮೊದಲು ಗಂಟಲು ಉರಿಯಿತು. ಆಮೇಲೆ ಮಂಡಿ ನೋವು ಮರೆತುಹೋಯಿತು. ಅಂದು ಗುಹೆಯಲ್ಲಿ ಒಬ್ಬನೇ ಇದ್ದೇನೆ ಎಂಬುದೂ ಅವನಿಗೆ ಅಷ್ಟಾಗಿ ಅನ್ನಿಸಲಿಲ್ಲ.

ಮಾರನೆಯ ದಿನ ಒಂದಿಷ್ಟು ಕುಡಿದ. ಅದರ ಮಾರನೆಯ ದಿನ ಇನ್ನೊಂದಿಷ್ಟು. ಆದರೆ ಅವ್ವನ ಕಲ್ಲಿನ ಹತ್ತಿರ ಹೋಗಲು ನಾಚಿಕೆಯಾಗತೊಡಗಿತು. ಬೇವಿನ ಸೊಪ್ಪು ಅಗಿದು ಬಾಯಿ ತೊಳೆದುಕೊಳ್ಳುತ್ತಿದ್ದ. ಆದರೂ ಸಮಾಧಾನವಿಲ್ಲ. ಈ ಬಾಯಲ್ಲಿ ಅವ್ವನ ಹೆಸರು ಹೇಳಬಹುದೇ, ಈ ಕೈಯಲ್ಲಿ ಹೂ ಏರಿಸಬಹುದೇ ಎಂದು ದೂರದಲ್ಲೇ ನಿಂತು ಯೋಚಿಸುತ್ತಿದ್ದ. ಕುಡಿಯುವುದನ್ನು ಬಿಡಬೇಕು, ಇಲ್ಲವೇ ಪೂಜೆಯನ್ನು ಬಿಡಬೇಕು, ಎರಡೂ ಒಟ್ಟಿಗೆ ಸಾಗುವುದಿಲ್ಲ ಎಂದು ಅವನಿಗೆ ಅನ್ನಿಸುತ್ತಿತ್ತು. ಯಾವುದನ್ನು ಬಿಡುವುದಕ್ಕೂ ಶಕ್ತಿ ಸಾಲದೆ ದಿನ ದೂಡುತ್ತಿದ್ದ.

ಇದನ್ನೆಲ್ಲ ಪೊದೆಯ ಮರೆಯಿಂದ ನೋಡುತ್ತಿದ್ದವನು ಮೆಲ್ಲಣ್ಣ ಎಂಬ ನರಿ. ಚಿರತೆ ತಿಂದು ಬಿಟ್ಟದ್ದೇ ಅವನ ಊಟ. ಜಡೆಯಪ್ಪನ ಮೂಗಿನ ದೆಸೆಯಿಂದ ಕೊಳದ ಹತ್ತಿರ ಚಿರತೆಗೆ ಬೇಟೆ ಸಿಗುತ್ತಿರಲಿಲ್ಲ. ಚಿರತೆಗೆ ಸಿಗದಿದ್ದರೆ ನರಿಗೂ ಇಲ್ಲ. ಮೆಲ್ಲಣ್ಣ ಬಡಕಲಾಗಿದ್ದ, ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು.

ಅವನು ಜಡೆಯಪ್ಪನ ಪಕ್ಕದಲ್ಲಿ ಬಂದು ಕುಳಿತ. ಮೊದಲು ಮಂಡಿ ನೋವಿನ ಬಗ್ಗೆ ಕೇಳಿದ. ಆಮೇಲೆ ತೀರಿಹೋದ ಹೆಂಡತಿಯ ಬಗ್ಗೆ ಕೇಳಿದ. ಎರಡು ವರ್ಷದಲ್ಲಿ ಅದನ್ನೆಲ್ಲ ಕೇಳಿದ ಮೊದಲಿಗನೇ ಅವನು. ಜಡೆಯಪ್ಪನ ಕಣ್ಣು ತುಂಬಿ ಬಂತು. ತನ್ನ ಮನಸ್ಸಿನಲ್ಲಿದ್ದ ಕೊರಗನ್ನೂ ಹೇಳಿಕೊಂಡ.

ಮೆಲ್ಲಣ್ಣ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತಿದ್ದು ಕೇಳಿದ: "ಹಿಪ್ಪೆ ಮರ ಯಾರದ್ದು, ಜಡೆಯಪ್ಪಣ್ಣ?"

"ಅವ್ವಂದು."

"ಹೂವು?"

"ಅದೂ ಅವ್ವಂದೇ."

"ಅವ್ವನ ಮರದ ಹೂವು, ಅವ್ವನ ಗುಳಿಯ ನೀರಿಗೆ ಬಿದ್ದು ಆದ ರಸ ಅದು. ಅದನ್ನ ತೀರ್ಥ ಅನ್ನದೆ ಇನ್ನೇನಂತಾರೆ? ನೀನು ಕುಡೀತಿಲ್ಲ, ಸೇವೆ ಮಾಡ್ತಿದ್ದೀಯ."

ಈ ಮಾತು ಕೇಳಿ ಜಡೆಯಪ್ಪನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಿಜ ಹೇಳಬೇಕೆಂದರೆ, ಅದು ಪೂರ್ತಿ ಸರಿಯಿಲ್ಲ ಎಂದು ಅವನಿಗೆ ಒಳಗೊಳಗೇ ಗೊತ್ತಿತ್ತು. ಆದರೆ ದಿನಾ ನಾಚಿಕೆಪಟ್ಟು ದಣಿದವನಿಗೆ ಇನ್ನು ನಾಚಿಕೆ ಬೇಡ ಎಂದು ಯಾರಾದರೂ ಹೇಳಿದರೆ ತಳ್ಳಿಹಾಕುವುದು ಕಷ್ಟ. ಅಂದಿನಿಂದ ಅವನು ಅವ್ವನ ಎದುರಿಗೇ ಕುಳಿತು ಕುಡಿಯತೊಡಗಿದ. ಬೇವಿನ ಸೊಪ್ಪು ಅಗಿಯುವುದನ್ನು ಬಿಟ್ಟ. ಮೆಲ್ಲಣ್ಣನೇ ಮುತ್ತುಗದ ಎಲೆಯ ದೊನ್ನೆಯಲ್ಲಿ ತೀರ್ಥ ತುಂಬಿ ತಂದುಕೊಡುತ್ತಿದ್ದ. ಜೊತೆಗಿರಲೆಂದು ತಾನೂ ಒಂದು ಗುಟುಕು ಹಾಕುತ್ತಿದ್ದ.

ಹೀಗೆ ಹದಿನೈದು ದಿನ ಕಳೆದವು. ಒಂದು ಸಂಜೆ ಜಡೆಯಪ್ಪ ತೂರಾಡುತ್ತಾ ಬಂಡೆ ಹತ್ತಿದ. ನಾಲ್ಕು ದಿಕ್ಕಿಗೂ ಮೂಗೊಡ್ಡಿದ. ಪೂರ್ವಕ್ಕೂ ಹಿಪ್ಪೆಯ ವಾಸನೆ, ಪಶ್ಚಿಮಕ್ಕೂ ಹಿಪ್ಪೆಯ ವಾಸನೆ. ತನ್ನ ಬಾಯಿಂದ ಬರುವುದರ ಹೊರತು ಬೇರೆ ಏನೂ ಅವನ ಮೂಗಿಗೆ ಹತ್ತಲಿಲ್ಲ. ಇನ್ನೊಮ್ಮೆ ನೋಡಬೇಕು ಅನ್ನಿಸಿತು. ಇಳಿದು ಹೋಗಿ ಮಲಗಬೇಕು ಎಂದೂ ಅನ್ನಿಸಿತು. ಟೊಳ್ಳು ಮರಕ್ಕೆ ಮೂರು ಸಲ ಬಡಿದ. "ಅವ್ವ ಕರೀತಾಳೆ, ಬನ್ನಿ" ಎಂದ.

ಮೊದಲು ಬಂದವರು ಚುಕ್ಕವ್ವ ಎಂಬ ಜಿಂಕೆ ಮತ್ತು ಅವಳ ತಂಗಿ. ಇಬ್ಬರೂ ಒಟ್ಟಿಗೆ ನೀರಿಗೆ ಬಾಯಿಟ್ಟರು. ಲಂಟಾನ ಪೊದೆಯಿಂದ ಚಿರತೆ ಹಾರಿತು. ಚುಕ್ಕವ್ವ ತಪ್ಪಿಸಿಕೊಂಡಳು. ತಂಗಿ ತಪ್ಪಿಸಿಕೊಳ್ಳಲಿಲ್ಲ.

ಮರುದಿನ ಪ್ರಾಣಿಗಳೆಲ್ಲ ಕೊಳದ ಮೇಲಿನ ಬಯಲಲ್ಲಿ ಸೇರಿದವು. ಪೂಜಾರಿ ಕುಡಿದಿದ್ದ ಎಂಬ ಸುದ್ದಿ ಅಷ್ಟರಲ್ಲಿ ಹಬ್ಬಿತ್ತು. ಕುಡಿಯುವವನು ಭಕ್ತನೇ ಅಲ್ಲ, ಅವನ ಹದಿನಾಲ್ಕು ವರ್ಷದ ಪೂಜೆಯೂ ಸುಳ್ಳು ಎಂದು ಕಾಡುಹಂದಿಗಳು ವಾದಿಸಿದವು. ಹಿಪ್ಪೆ ಹೂವನ್ನು ಅವ್ವನೇ ಕೊಟ್ಟಿರುವಾಗ ಕುಡಿದರೆ ದೋಷವೇನು, ಆ ಜಿಂಕೆಯ ಆಯಸ್ಸೇ ಅಷ್ಟಿತ್ತು ಎಂದು ಮಂಗಗಳು ವಾದಿಸಿದವು. ಅವುಗಳಲ್ಲೂ ಕೆಲವು ಗುಳಿಗೆ ಬಾಯಿಟ್ಟಿದ್ದವು. ಮೆಲ್ಲಣ್ಣ ಬೆಳಗ್ಗೆ ಹಂದಿಗಳ ಕಡೆ ಕುಳಿತು ತಲೆಯಾಡಿಸಿದ, ಮಧ್ಯಾಹ್ನ ಮಂಗಗಳ ಕಡೆ ಕುಳಿತು ತಲೆಯಾಡಿಸಿದ. ಮಾತು ಮುಗಿಯುವಂತಾದಾಗಲೆಲ್ಲ ಇನ್ನೊಂದು ಪ್ರಶ್ನೆ ಎತ್ತಿದ. ವಾದ ಮೂರು ದಿನ ನಡೆಯಿತು. ಆ ಮೂರು ದಿನವೂ ಬಂಡೆಯ ಮೇಲೆ ಯಾರೂ ನಿಲ್ಲಲಿಲ್ಲ. ಗಂಟಲು ಒಣಗಿ ನೀರಿಗಿಳಿದ ಎರಡು ಮೊಲಗಳನ್ನು ಚಿರತೆ ಹಿಡಿಯಿತು.

ಜಡೆಯಪ್ಪ ಒಂದು ಮರದ ಬುಡದಲ್ಲಿ ತಲೆ ತಗ್ಗಿಸಿ ಕುಳಿತು ಎಲ್ಲ ಕೇಳಿಸಿಕೊಂಡ. ಹಂದಿಗಳು ಹೇಳಿದ್ದೂ ಹೌದು ಅನ್ನಿಸುತ್ತಿತ್ತು, ಮಂಗಗಳು ಹೇಳಿದ್ದೂ ಹೌದು ಅನ್ನಿಸುತ್ತಿತ್ತು. ಯಾವುದೂ ಅವನಿಗೆ ನಾಟಲಿಲ್ಲ. ಬೇಗ ಏನೋ ಒಂದು ತೀರ್ಮಾನವಾಗಲಿ, ಓಡಿಸುವುದಾದರೆ ಓಡಿಸಲಿ ಎಂದಷ್ಟೇ ಬೇಡಿಕೊಳ್ಳುತ್ತಿದ್ದ.

ಮೂರನೆಯ ದಿನ ಸಂಜೆ ಚುಕ್ಕವ್ವ ಅವನ ಹತ್ತಿರ ಬಂದು ನಿಂತಳು. ಅಳುತ್ತಿರಲಿಲ್ಲ. ಅತ್ತು ಮುಗಿಸಿದ್ದಳು.

"ಅಜ್ಜ, ಕುಡಿದವನ ಪೂಜೆ ಅವ್ವನಿಗೆ ಸಲ್ಲುತ್ತೋ ಇಲ್ವೋ ನಂಗೊತ್ತಿಲ್ಲ. ಅದು ನಿಂಗೂ ಅವ್ವನಿಗೂ ಬಿಟ್ಟಿದ್ದು. ನಂದೊಂದೇ ಮಾತು. ಆವತ್ತು ನಿಂಗೆ ವಾಸನೆ ಹತ್ತಿರಲಿಲ್ಲ ಅಲ್ವಾ?"

ಜಡೆಯಪ್ಪ ಇಲ್ಲವೆಂದು ತಲೆಯಾಡಿಸಿದ.

"ಗೊತ್ತಿಲ್ಲ ಅಂದಿದ್ರೆ ನಾವು ಬರ್ತಿರಲಿಲ್ಲ. ನೀನು ಬನ್ನಿ ಅಂದೆ. ಅದೂ ಅವ್ವನ ಹೆಸರು ಹೇಳಿ ಅಂದೆ."

ಇಷ್ಟು ಹೇಳಿ ಅವಳು ಹೊರಟುಹೋದಳು. ಮೂರು ದಿನದ ವಾದ ಮಾಡದ ಕೆಲಸವನ್ನು ಆ ಮಾತು ಮಾಡಿತು. ಜಡೆಯಪ್ಪ ಎದ್ದು ಗುಳಿಯ ಹತ್ತಿರ ಹೋದ. ಬಹಳ ಹೊತ್ತು ನಿಂತ. ಒಂದು ಗುಟುಕು ಮಾತ್ರ ಎಂದು ಮನಸ್ಸು ಹೇಳಿತು. ಅವನು ಕಾಲಿನಿಂದ ಮಣ್ಣು ತಳ್ಳಿ ಗುಳಿಯನ್ನು ಅರ್ಧ ಮುಚ್ಚಿದ. ಪೂರ್ತಿ ಮುಚ್ಚಲು ಆವತ್ತು ಅವನ ಕೈಲಾಗಲಿಲ್ಲ.

ಮರುದಿನ ಬೆಳಗ್ಗೆ ಮತ್ತೆ ಬಂಡೆ ಹತ್ತಿದ. ಗಾಳಿ ಎಳೆದ. ಏನೂ ತಿಳಿಯಲಿಲ್ಲ. ಟೊಳ್ಳು ಮರಕ್ಕೆ ಬಡಿಯದೆ ಕೂಗಿ ಹೇಳಿದ: "ನನ್ನ ಮೂಗು ಇನ್ನೂ ಸರಿಯಾಗಿಲ್ಲ. ನನ್ನ ನಂಬಿ ಯಾರೂ ಬರಬೇಡಿ. ಬರೋದಾದ್ರೆ ಗುಂಪಾಗಿ ಬನ್ನಿ, ಸುತ್ತ ಕಣ್ಣಿಟ್ಟಿರಿ."

ಹೀಗೆ ಎಂಟು ದಿನ, ಬೆಳಗ್ಗೆ ಸಂಜೆ ಅದೇ ಮಾತು ಹೇಳಿದ. ಮಂಗಗಳು ನಕ್ಕವು. ಹಂದಿಗಳು ಇವನಿನ್ನೂ ಬಂಡೆ ಬಿಟ್ಟಿಲ್ಲವೇ ಎಂದು ಗೊಣಗಿದವು. ಆದರೆ ಎಲ್ಲ ಸೇರಿ, ಸುತ್ತ ಕಣ್ಣಿಟ್ಟು, ಬೇಗ ಬೇಗ ನೀರು ಕುಡಿದು ಹೋಗತೊಡಗಿದವು. ಚಿರತೆಗೆ ಹಾರಲು ಸಂದು ಸಿಗಲಿಲ್ಲ. ಮೆಲ್ಲಣ್ಣ ದಿನಾ ದೊನ್ನೆ ಹಿಡಿದು ಬರುತ್ತಿದ್ದ. ತೀರ್ಥ ಬೇಡವೆಂದರೆ ಅವ್ವ ಮುನಿಯುತ್ತಾಳೆ ಎನ್ನುತ್ತಿದ್ದ. ಜಡೆಯಪ್ಪ ಮುಖ ತಿರುಗಿಸಿ ಕುಳಿತಿರುತ್ತಿದ್ದ. ತಂದದ್ದು ಯಾಕೆ ಚೆಲ್ಲಬೇಕೆಂದು ಮೆಲ್ಲಣ್ಣ ತಾನೇ ಕುಡಿಯುತ್ತಿದ್ದ. ಇಬ್ಬರ ಪಾಲೂ ಈಗ ಅವನೊಬ್ಬನಿಗೇ.

ಒಂಬತ್ತನೆಯ ದಿನ ಸಂಜೆ ಜಡೆಯಪ್ಪ ಗಾಳಿ ಎಳೆದಾಗ ಮೊದಲು ಒದ್ದೆ ಮಣ್ಣಿನ ವಾಸನೆ ಬಂತು. ಆಮೇಲೆ ದೂರದ ಹುತ್ತದ್ದು. ಆಮೇಲೆ ಪಶ್ಚಿಮದ ಲಂಟಾನ ಪೊದೆಯಿಂದ ಚಿರತೆಯದು. ಅವನು ಉಸಿರು ಹಿಡಿದ. ಅಷ್ಟರಲ್ಲಿ ಮೆಲ್ಲಣ್ಣ ದೊನ್ನೆಯೊಂದಿಗೆ ಪಕ್ಕಕ್ಕೆ ಬಂದ. ಅವನ ಮೈಯಿಂದ ಹಿಪ್ಪೆಯ ವಾಸನೆ ಬಡಿಯುತ್ತಿತ್ತು. ಅದರ ಕೆಳಗೆ ಇನ್ನೊಂದಿತ್ತು. ಚಿರತೆಯ ಮಗ್ಗುಲಲ್ಲಿ ಮಲಗಿ ಎದ್ದವನ ಮೈಗೆ ಮಾತ್ರ ಅಂಟುವ ವಾಸನೆ ಅದು.

ಜಡೆಯಪ್ಪನಿಗೆ ಎಲ್ಲ ಅರ್ಥವಾಯಿತು. ಮಂಡಿ ನೋವು ವಿಚಾರಿಸಿದ್ದು, ಹೆಂಡತಿಯ ಸುದ್ದಿ ಕೇಳಿದ್ದು, ಕಣ್ಣು ಮುಚ್ಚಿ ಕುಳಿತದ್ದು. ಕೋಪ ಬರಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಆಯಾಸವೇ ಬಂತು. ಅವನು ಮೆಲ್ಲಣ್ಣನ ಮೇಲೆ ಕೈ ಎತ್ತಲಿಲ್ಲ. ಕಾಡಿಗೆಲ್ಲ ಕೇಳುವ ಹಾಗೆ ಹೇಳಿದ: "ಇವತ್ತು ನನ್ನ ಮೂಗು ಸರಿಯಾಗಿದೆ. ಚಿರತೆ ಪಶ್ಚಿಮದ ಪೊದೆಯಲ್ಲಿದೆ. ಈ ಮೆಲ್ಲಣ್ಣನೂ ಅಲ್ಲಿಂದಲೇ ಬಂದವನು. ಯಾರೂ ಬರಬೇಡಿ."

ಒಂದು ಮೊಲವೂ ಕೊಳದತ್ತ ಸುಳಿಯಲಿಲ್ಲ. ಪೂಜಾರಿಯ ಮೂಗು ಇನ್ನು ಸರಿಹೋಗುವುದಿಲ್ಲ, ಇವತ್ತು ಬೇಟೆ ಖಂಡಿತ ಎಂದು ನರಿ ದಿನಾ ಹೇಳಿದ್ದನ್ನು ನಂಬಿ ಚಿರತೆ ಎಂಟು ದಿನದಿಂದ ಹಸಿದು ಕುಳಿತಿತ್ತು. ಅದು ಪೊದೆಯಿಂದ ಹೊರಗೆ ಬಂತು. ಮೆಲ್ಲಣ್ಣ ಓಡಲು ತಿರುಗಿದ. ಮೊದಲಾದರೆ ಕಣ್ಣು ಮಿಟುಕಿಸುವುದರಲ್ಲಿ ಮಾಯವಾಗುತ್ತಿದ್ದ. ಆದರೆ ಹೊಟ್ಟೆಯಲ್ಲಿ ಎರಡು ದೊನ್ನೆ ತೀರ್ಥವಿತ್ತು. ಒಂದು ಕಾಲು ಇತ್ತ ಹೋದರೆ ಇನ್ನೊಂದು ಅತ್ತ ಹೋಯಿತು. ಹತ್ತು ಹೆಜ್ಜೆ ಓಡುವುದರೊಳಗೆ ಚಿರತೆ ಅವನನ್ನು ಹಿಡಿಯಿತು.

ಜಡೆಯಪ್ಪ ಅದನ್ನು ನೋಡಲಿಲ್ಲ. ಬಂಡೆಯಿಂದಿಳಿದು ಹೋಗಿ ಗುಳಿಯ ಉಳಿದರ್ಧವನ್ನೂ ಮಣ್ಣು ಹಾಕಿ ಮುಚ್ಚಿದ.

ಮಳೆ ಬರುವವರೆಗೂ ಅವನು ಬಂಡೆ ಹತ್ತುವುದನ್ನು ಬಿಡಲಿಲ್ಲ. ಮಂಡಿ ನೋವು ಹಾಗೆಯೇ ಇತ್ತು. ಗುಹೆಯಲ್ಲಿ ಯಾರೂ ಇರಲಿಲ್ಲ. ಗಾಳಿಯಲ್ಲಿ ಹಿಪ್ಪೆಯ ವಾಸನೆ ತೇಲಿಬಂದ ದಿನ ಅವನಿಗೆ ಬಾಯಲ್ಲಿ ನೀರೂರುತ್ತಿತ್ತು. ಒಮ್ಮೆ ಒಂದು ಮುದಿ ಹಂದಿ, ಕೊನೆಗೂ ನೀನೇ ಹೇಳು, ಕುಡಿಯುವವನನ್ನು ಅವ್ವ ಹತ್ತಿರ ಸೇರಿಸುತ್ತಾಳೋ ಇಲ್ಲವೋ ಎಂದು ಕೇಳಿತು.

ಜಡೆಯಪ್ಪ ಹೇಳಿದ: "ಅವ್ವ ನನ್ನ ಒಂದು ದಿನವೂ ಓಡಿಸಲಿಲ್ಲಪ್ಪ. ಅವಳ ಮುಂದೆ ಕೂತಿದ್ದೆ, ಆದರೆ ನಾನೇ ಅಲ್ಲಿರಲಿಲ್ಲ."

ಚುಕ್ಕವ್ವ ಅವನನ್ನು ಕ್ಷಮಿಸಿದೆ ಎಂದು ಯಾವತ್ತೂ ಹೇಳಲಿಲ್ಲ. ಎಲ್ಲರೂ ಕುಡಿದು ಹೋದ ಮೇಲೆ, ಕಟ್ಟಕಡೆಗೆ ಬರುತ್ತಿದ್ದಳು. ದಡದಲ್ಲಿ ನಿಂತು ತಾನೂ ಒಮ್ಮೆ ಗಾಳಿ ಎಳೆದು ನೋಡುತ್ತಿದ್ದಳು. ಆಮೇಲೆ ಬಂಡೆಯ ಕಡೆ ಕತ್ತೆತ್ತಿ ಅವನ ಮುಖ ನೋಡುತ್ತಿದ್ದಳು. ಅವನು ತಲೆಯಾಡಿಸಿದ ಮೇಲೆ ನೀರಿಗೆ ಬಾಯಿಡುತ್ತಿದ್ದಳು. ಅವಳು ಕುಡಿದು ಮುಗಿಸುವವರೆಗೂ ಜಡೆಯಪ್ಪ ಬಂಡೆಯಿಂದ ಇಳಿಯುತ್ತಿರಲಿಲ್ಲ.

ನೀತಿ: ನಮ್ಮ ಚಟಕ್ಕೆ ದೇವರ ಹೆಸರಿಟ್ಟರೆ ಅದು ಭಕ್ತಿಯಾಗುವುದಿಲ್ಲ, ನಮ್ಮನ್ನು ನಂಬಿದವರಿಗಾಗಿ ಎಚ್ಚರವಾಗಿರುವುದೇ ನಿಜವಾದ ಪೂಜೆ.